ಟೀಚರಮ್ಮ ಹೊಲಿದಿಟ್ಟ ಪುಟ

ಬಸ್ಸು ಸಂತೇಬೆನ್ನೂರಿನ ದಾರಿ ಅರ್ಧ ಸವೆಸಿದ ಮೇಲೆ ನೋಡಿಕೊಂಡೆ, ಹೊಸ ಪ್ಯಾಂಟಿನ ಬಲಗಾಲಿನ ಅಂಚಿನಲ್ಲಿ ಬಿಳಿ ದಾರವೊಂದು ಉಳಿದುಬಿಟ್ಟಿದೆ. ಚನ್ನಗಿರಿಯ ನಮ್ಮ ಟೈಲರು ಕಚ್ಚಾ ಹೊಲಿಗೆ ಬಿಚ್ಚುವುದನ್ನು ಮರೆತಿದ್ದ. ಕಚ್ಚಾ ಹೊಲಿಗೆ ನಿಮಗೂ ಗೊತ್ತಿರಬಹುದು. ಮಿಷನ್ನಿಗೆ ಕೊಡುವ ಮುಂಚೆ ಬಟ್ಟೆ ಜರುಗದಿರಲಿ ಎಂದು ಕೈಯಲ್ಲಿ ಉದ್ದುದ್ದಕ್ಕೆ ಹಾಕುವ ಸಡಿಲ ಹೊಲಿಗೆ. ಕೆಲಸ ಮುಗಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಸರ್ರನೆ ಬಂದುಬಿಡುತ್ತದೆ. ನಾನೂ ಬಗ್ಗಿ ತುದಿ ಹಿಡಿದೆ, ಆದರೆ ಎಳೆಯಲು ಮನಸ್ಸು ಬರಲಿಲ್ಲ. ಕಾಲು ಹಿಡಿದುಕೊಂಡು ಹಾಗೇ ಕೂತವನನ್ನು ಕಂಡು ಪಕ್ಕದವರು, "ಕಾಲು ಸೆಳೀತೈತೇನ್ರೀ?" ಎಂದರು. ವಿವರಿಸುವುದಕ್ಕಿಂತ ಸುಲಭವೆಂದು ಹೌದೆಂದೆ. ಅವರು ಇಳಿಯುವವರೆಗೂ ಮನೆಮದ್ದು ಹೇಳಿದರು.

ಆ ಹೊಲಿಗೆಯ ಹೆಸರು ನನಗೆ ಕಲಿಸಿದವರು ನ್ಯಾಮತಿಯ ಎಸ್ತರಮ್ಮ. ಹೊಲಿಗೆ ಟೀಚರಾಗಿದ್ದವರು. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಕೆಲವು ವರ್ಷ ಬಾಡಿಗೆಗಿದ್ದೆ. ನಾನು ಪಶು ಇಲಾಖೆಯಲ್ಲಿ ಪರೀಕ್ಷಕ. ದನಕರುಗಳಿಗೆ ಚುಚ್ಚುಮದ್ದು ಹಾಕುವುದು, ಕುರಿ ಎಣಿಸುವುದು ನನ್ನ ಕೆಲಸ. ಜನ ಡಾಕ್ಟ್ರೇ ಅನ್ನುತ್ತಾರೆ, ನಾನು ತಿದ್ದುವುದಿಲ್ಲ. ಕುರಿಗಳಂತೂ ಈ ವಿಷಯದಲ್ಲಿ ತಕರಾರು ಮಾಡಿದ್ದಿಲ್ಲ.

ನಾನು ನ್ಯಾಮತಿಗೆ ಬಂದದ್ದು ವರ್ಗ ಕೇಳಿಕೊಂಡು. ಅದಕ್ಕೆ ಮುಂಚೆ ಜಗಳೂರು ಕಡೆ, ನಮ್ಮ ಊರಿನ ಹತ್ತಿರವೇ ಇದ್ದೆ. ಅಲ್ಲಿ ನನ್ನ ಹೆಂಡತಿ ಗಿರಿಜ ಕಾಮಾಲೆಯಾಗಿ ತೀರಿಕೊಂಡಳು. ಮದುವೆಯಾಗಿ ಎರಡನೇ ದೀಪಾವಳಿಯನ್ನೂ ನೋಡಲಿಲ್ಲ. ತಿಥಿ ಮುಗಿಯುವುದರೊಳಗೆ ನೆಂಟರು ಇನ್ನೊಂದು ಹೆಣ್ಣಿನ ಸುದ್ದಿ ತೆಗೆದರು. "ಇನ್ನಾ ವಯಸ್ಸೈತೆ, ಹಿಂಗೇ ಕುಂತ್ರೆ ಹೆಂಗೆ?" ಎಂದರು ನಮ್ಮ ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನಗೆ ಆ ಊರಿನಲ್ಲಿ ಉಸಿರು ಕಟ್ಟಿತು.

ಊರು ಬಿಟ್ಟರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಕಡೆಯವರು ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಮೊದಲು ಯಾವೂರು ಎಂದು ಕೇಳುತ್ತಾರೆ, ಆಮೇಲೆ ಮನೇಲಿ ಎಷ್ಟು ಮಂದಿ ಎನ್ನುತ್ತಾರೆ. ಯಾವ ಕುತೂಹಲವೂ ಇಲ್ಲದೆ, ಮಳೆಯ ವಿಚಾರ ಮಾತಾಡಿದಷ್ಟು ಸಲೀಸಾಗಿ ಕೇಳುತ್ತಾರೆ. ನಾನು 'ಒಬ್ಬನೇ' ಅನ್ನುತ್ತಿದ್ದೆ. ಅಂದ ಕೂಡಲೇ ಒಳಗೆ ಏನೋ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಅದಕ್ಕೇ ಬಸ್ಸಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕೂರುವುದನ್ನು ರೂಢಿ ಮಾಡಿಕೊಂಡೆ. ಈಗ ಅದರಲ್ಲಿ ಎಷ್ಟು ಪಳಗಿದ್ದೇನೆಂದರೆ ಎಷ್ಟೋ ಸಲ ನಿಜವಾಗಿಯೂ ನಿದ್ದೆ ಬಂದು ಮುಂದಿನ ಸ್ಟಾಪಿನಲ್ಲಿ ಇಳಿದದ್ದುಂಟು.

ಎಸ್ತರಮ್ಮ ಆ ಬೀದಿಗೆಲ್ಲ ಒಬ್ಬರೇ ಕ್ರೈಸ್ತರು. ಗಂಡ ತೀರಿಕೊಂಡಿದ್ದರು. ಮಗ ಸ್ಯಾಮುವೆಲ್ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ, ರಜೆಯ ದಿನ ಬಂದು ಹೋಗುತ್ತಿದ್ದ. ಹಿಂದೆ ಸೂರಗೊಂಡನಕೊಪ್ಪದ ಕಡೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳೂ ಇವರ ಹತ್ತಿರ ಹೊಲಿಗೆ ಕಲಿಯಲು ಬರುತ್ತಿದ್ದರಂತೆ. "ಕನ್ನಡಿ ಹಾಕಿ ಕಸೂತಿ ಮಾಡೋರಿಗೆ ನಾನು ಬ್ಲೌಸು ಹೊಲಿಯಾಕೆ ಕಲಿಸಿದೆ ನೋಡ್ರಿ, ನನ್ನ ಧೈರ್ಯ ಎಷ್ಟಿರಬೇಕು," ಎಂದು ನಗುತ್ತಿದ್ದರು. ನಾನು ಹೋಗುವ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದು ಹೊಲಿಗೆ ನಿಂತಿತ್ತು. ಬೈಬಲ್ ಓದುವುದೂ ನಿಂತಿತ್ತು. ಮಗ ಫೋನಿನಲ್ಲಿ ಬೈಬಲ್ ಕೇಳುವ ಹಾಗೆ ಮಾಡಿಕೊಟ್ಟಿದ್ದ. ಅದು ಅವರಿಗೆ ಒಗ್ಗಲಿಲ್ಲ.

"ಅದು ಉಸಿರೇ ತಗಳಲ್ಲಪ್ಪ. ನೀವು ಓದ್ತೀರೇನು, ದಿನಾ ಸಂಜೆ ಒಂದಿಷ್ಟು?"

"ನಾನು ನಿಮ್ಮ ಮತದೋನಲ್ವಲ್ಲ, ಟೀಚರಮ್ಮ."

"ಅಕ್ಷರ ಬರ್ತಾವಲ್ಲ, ಸಾಕು."

ಹೀಗೆ ಓದು ಶುರುವಾಯಿತು. ಮೊದಮೊದಲು ವಾರ್ತೆ ಓದುವವರ ಗತ್ತಿನಲ್ಲಿ ಓದುತ್ತಿದ್ದೆ. "ದೇವರು ಮಾತಾಡ್ತಾನೆ, ಡಿ.ಸಿ. ಅಲ್ಲ," ಎಂದು ಅವರು ತಿದ್ದಿದರು. ಸಂಜೆಯ ಆ ಹೊತ್ತು ಸಾಮಾನ್ಯವಾಗಿ ನನಗೆ ಕಷ್ಟದ ಹೊತ್ತು. ಗೂಡಿಗೆ ಬಂದ ಹಕ್ಕಿಗಳ ಗಲಾಟೆ, ಪಕ್ಕದ ಮನೆಗಳಲ್ಲಿ ಒಗ್ಗರಣೆಯ ಸದ್ದು, ಎಲ್ಲರಿಗೂ ಅವರವರದೊಂದು ಕರೆ. ಯಾರೋ ಒಬ್ಬರು ನನ್ನ ದನಿಗಾಗಿ ಚಾಪೆ ಹಾಸಿ ಕಾಯುತ್ತಿದ್ದಾರೆ ಅನ್ನುವುದು ನನಗೂ ಬೇಕಾಗಿತ್ತು.

ಓದಲು ಶುರು ಮಾಡಿ ಸ್ವಲ್ಪ ದಿನಕ್ಕೇ, ಬೈಬಲ್ಲಿನ ಮೊದಲ ಭಾಗ ಆದಿಕಾಂಡದಲ್ಲಿ, ದೇವರು ಲೋಕವನ್ನೆಲ್ಲ ಮುಳುಗಿಸುವ ಮಳೆ ಸುರಿಯಬೇಕಾದ ಜಾಗದಲ್ಲಿ, ಹಾಳೆ ಮಗುಚಲಾಗಲಿಲ್ಲ. ನೋಡಿದರೆ ಹಾಳೆಗಳ ಹೊರ ಅಂಚಿಗೆ ಬಿಳಿ ದಾರದಲ್ಲಿ ಹೊಲಿಗೆ ಹಾಕಿ ಸೇರಿಸಿಬಿಟ್ಟಿದ್ದಾರೆ. "ಅದು ಬ್ಯಾಡ, ಮುಂದಕ್ಕೆ ಹೋಗ್ರಿ," ಎಂದರು ಟೀಚರಮ್ಮ. ಮುಂದೆಯೂ ಹಾಗೇ. ದೇವರು ಕೇಳಿದನೆಂದು ಅಬ್ರಹಾಮ ಮಗನನ್ನು ಬಲಿಗೆಂದು ಬೆಟ್ಟಕ್ಕೆ ಕರೆದೊಯ್ಯುವ ಪುಟ, ಐಗುಪ್ತ ದೇಶದಲ್ಲಿ ದೇವರ ಕೋಪಕ್ಕೆ ಮನೆಮನೆಯ ಚೊಚ್ಚಲು ಮಕ್ಕಳು ಸಾಯುವ ಪುಟ, ಎಲ್ಲದಕ್ಕೂ ಹೊಲಿಗೆ ಬಿದ್ದಿತ್ತು.

"ಅಬ್ರಹಾಮನ ಮಗ ಉಳಕಂತಾನಂತಲ್ಲ, ಕೊನೇಗೆ ಬಲಿಗೆ ಟಗರು ಸಿಗ್ತದಂತೆ," ಎಂದೆ. ಆ ಕಥೆ ನನಗೂ ಗೊತ್ತಿತ್ತು.

"ಕೊನೇಗೆ ಸಿಗ್ತದೆ. ಬೆಟ್ಟ ಹತ್ತೋವಾಗ ಸೌದೆ ಆ ಹುಡುಗನ ಬೆನ್ನ ಮೇಲಿತ್ತು. ಅದಕ್ಕೆ ಕೊನೆ ಗೊತ್ತಿತ್ತೇನು?"

ಬೇಡವಾದ ಹಾಳೆಯನ್ನು ಹರಿದೇ ಹಾಕಬಹುದಿತ್ತಲ್ಲ ಎಂದು ಇನ್ನೊಂದು ದಿನ ಕೇಳಿದೆ. ಅವರಿಗೆ ಗಾಬರಿಯಾಯಿತು.

"ಹರಿಯಾಕೆ ನಾನ್ಯಾರು? ಇದು ಕಚ್ಚಾ ಹೊಲಿಗೆ. ಆ ದೇವರೇ ಬಂದು, ನೋಡಮ್ಮ, ಇದು ಹಿಂಗಿಂಗೆ, ಅಂತ ಕುಂತು ತಿಳಿಸಿದ ದಿನ ದಾರ ಎಳೆದುಬಿಡ್ತೀನಿ. ಅಲ್ಲಿಗಂಟ ಇರಲಿ."

ಯೋಬನ ಕಥೆಗೆ ಬಂದಾಗ ನನಗೆ ಹುರುಪು ಬಂತು. ಕಥೆ ಶುರುವಾಗುವುದೇ ಅವನ ಕುರಿ, ಒಂಟೆ, ಎತ್ತು, ಕತ್ತೆಗಳ ಲೆಕ್ಕದಿಂದ. ಬೈಬಲ್ಲಿನಲ್ಲಿ ನನಗೆ ಅಧಿಕಾರವಿದ್ದ ಜಾಗ ಅದೊಂದೇ. ಅಷ್ಟೊಂದು ಕುರಿಗೆ ಲಸಿಕೆ ಹಾಕಲು ಎಷ್ಟು ಜನ ಬೇಕಾದೀತು ಎಂದು ನಾನು ಲೆಕ್ಕ ಹೇಳಿದರೆ ಟೀಚರಮ್ಮ ಹಣೆ ಚಚ್ಚಿಕೊಂಡರು. ಆಮೇಲೆ ಯೋಬನ ದನಕರು ಹೋದವು, ಆಳುಗಳು ಹೋದರು, ಮಕ್ಕಳೆಲ್ಲ ಒಂದೇ ದಿನ ಮನೆ ಕುಸಿದು ಸತ್ತರು. ಇದಕ್ಕೆ ಹೊಲಿಗೆ ಇರಲಿಲ್ಲ. ಬೂದಿಯಲ್ಲಿ ಕೂತು ಅವನು ದೇವರನ್ನು ದೂರುವ ಪುಟಗಳನ್ನು ಟೀಚರಮ್ಮ ತಲೆದೂಗುತ್ತ ಕೇಳಿದರು. ಹೊಲಿಗೆ ಇದ್ದದ್ದು ಕಡೆಯ ಪುಟಕ್ಕೆ. ಕಳೆದುಕೊಂಡದ್ದನ್ನೆಲ್ಲ ದೇವರು ಅವನಿಗೆ ಮತ್ತೆ ಕೊಡುವ ಪುಟಕ್ಕೆ.

"ಇದು ತಪ್ಪಿ ಹೊಲಿದಿರಬೇಕು. ಇದು ಸುಖದ ಪುಟ ಅಲ್ವಾ?" ಎಂದೆ.

ಅವರು ಪುಸ್ತಕ ಮುಚ್ಚಿಸಿದರು. ಆಮೇಲೆ ಲಿಲ್ಲಿಯ ವಿಷಯ ಹೇಳಿದರು. ಲಿಲ್ಲಿ ಅವರ ಮೊದಲ ಮಗಳು. ಶಾಲೆಗೆ ಸೇರಿಸಿದ ವರ್ಷವೇ ಜ್ವರ ಬಂದು ಹೋದಳು. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು ಇದೇ ಪುಟವನ್ನು ಓದಿ, ಯೋಬನಿಗೆ ಕೊಟ್ಟ ಹಾಗೆ ದೇವರು ನಿನಗೂ ಬೇರೆ ಮಗು ಕೊಡುತ್ತಾನೆ ಎಂದರು. ಅವರು ಹೋದ ಮೇಲೆ ಟೀಚರಮ್ಮ ಸೂಜಿ ತೆಗೆದುಕೊಂಡರು. ಬೈಬಲ್ಲಿಗೆ ಹಾಕಿದ ಮೊದಲ ಹೊಲಿಗೆ ಅದೇ. ಉಳಿದವು ಆಮೇಲೆ ಒಂದೊಂದಾಗಿ ಬಂದವು.

"ಸ್ಯಾಮು ಹುಟ್ಟಿದ. ನೋಡಿದ್ಯಾ, ಕೊಟ್ಟ ಅಂದ್ರು ಎಲ್ಲಾರೂ. ಸ್ಯಾಮು ಮೇಲೆ ನಂಗೆ ಜೀವ. ಆದ್ರೆ ಒಡೆದ ಕುಡಿಕೆಗೆ ಬದಲಿ ಕುಡಿಕೆ ತಂದಂಗೆ ಮಗೂಗೆ ಮಗು ಕೊಡಾಕೆ ಬರ್ತೈತೇನಪ್ಪ? ಹಂಗೆ ಕೊಡೋನು ಪ್ರೀತಿ ಮಾಡೋನು ಹೆಂಗಾಗ್ತಾನೆ? ಎಷ್ಟು ಮಕ್ಳು ಅಂತ ಯಾರಾರ ಕೇಳಿದ್ರೆ, ಒಬ್ಬನೇ ಮಗ ಅಂತೀನಿ. ಅಂದ ದಿನ ಊಟ ಸೇರಲ್ಲ."

ಊಟ ಸೇರದ ಆ ದಿನಗಳು ನನಗೂ ಗೊತ್ತಿದ್ದವು. ಗಿರಿಜಳ ಹೆಸರನ್ನು ನ್ಯಾಮತಿಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ಸಂಜೆಯೇ. ಅವರು ನನಗೆ ಸಮಾಧಾನ ಹೇಳಲಿಲ್ಲ. "ಹೆಸರು ಚೆನ್ನಾಗೈತೆ," ಎಂದರು ಅಷ್ಟೆ. ಅಂದಿನಿಂದ ನನ್ನನ್ನು ತಮ್ಮಾ ಎಂದು ಕರೆಯತೊಡಗಿದರು.

ಆ ತಿಂಗಳು ಪಾಸ್ಟರು ಪ್ರಾರ್ಥನೆಗೆ ಬಂದರು. ಹೊನ್ನಾಳಿಯಿಂದ ಬೈಕಿನಲ್ಲಿ ಬರುವ ಚಿಕ್ಕ ವಯಸ್ಸಿನವರು. ಯೋಬನ ಪುಟದಲ್ಲಿ ನಾನು ಇಟ್ಟಿದ್ದ ಗುರುತು ತೆಗೆಯಲು ಹೋಗಿ ಹೊಲಿಗೆ ಕಂಡು ಮುಖ ಸಣ್ಣಗೆ ಮಾಡಿಕೊಂಡರು.

"ದೇವರ ವಾಕ್ಯಕ್ಕೆ ಸೂಜಿ ಹಾಕೋದೇನಮ್ಮ? ಆತ ಪ್ರೀತಿಸ್ವರೂಪಿ ಅಲ್ವಾ?"

"ಅಂತ ಇದರಾಗೇ ಐತೆ. ಆ ಪುಟ ನಾನು ಹೊಲಿದಿಲ್ಲ. ನೆರೆ ತಂದು ಮುಳುಗಿಸಿದೋನೂ ಇದರಾಗೇ ಅದಾನೆ. ಇಬ್ರೂ ಒಬ್ಬನೇ ಹೆಂಗಪ್ಪ? ನೀವು ಓದಿದೋರು, ಹೇಳ್ರಿ."

ಪಾಸ್ಟರು ಏನೇನೋ ಹೇಳಲು ಹೊರಟು ನಿಲ್ಲಿಸಿದರು. ಆ ನಿಲ್ಲಿಸಿದ್ದಕ್ಕೆ ಅವರ ಮೇಲೆ ನನಗೆ ಗೌರವ ಬಂತು. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಸಿಟ್ಟಿದ್ರೂ ಬಿಚ್ಚಿ ಓದ್ರಿ ಅಮ್ಮ. ಸಿಟ್ಟಿಟ್ಕಂಡೇ ಓದ್ರಿ," ಎಂದರು.

ಟೀಚರಮ್ಮ ಆಮೇಲೆ ಎಷ್ಟೋ ಸಂಜೆ ನನ್ನನ್ನು ಕರೆಯಲಿಲ್ಲ. ಗೋಡೆಯ ಆಚೆ ಅವರು ಓಡಾಡುವುದು ಕೇಳುತ್ತಿತ್ತು. ಈಚೆ ನಾನು ಅನ್ನಕ್ಕೆ ಇಟ್ಟು ಸುಮ್ಮನೆ ನೋಡುತ್ತಿದ್ದೆ. ಒಂದೇ ಸೂರಿನ ಕೆಳಗೆ ಇಬ್ಬರು ಒಂಟಿಗಳಿದ್ದರೆ ಒಂಟಿತನ ಅರ್ಧವಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗುವುದಿಲ್ಲ.

ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ, ಹೊರಡುವ ಹಿಂದಿನ ಸಂಜೆ ಕರೆದರು. ಬೈಬಲ್ ಎದುರಿಗಿತ್ತು, ಪಕ್ಕದಲ್ಲಿ ಚಿಕ್ಕ ಕತ್ತರಿ.

"ಕಣ್ಣು ಬಂದ್ರೆ ನಾನೇ ನೋಡಬೇಕಾಗ್ತೈತೆ. ಅದಕ್ಕಿಂತ ಮುಂಚೆ ನಿನ್ನ ಬಾಯಲ್ಲಿ ಕೇಳಿಬಿಡ್ತೀನಿ. ಗಂಟು ಕತ್ತರಿಸು, ಹಾಳೆ ಹರಿದೀತು, ಹುಷಾರು."

ಹಳೆಯ ದಾರ ಎಳೆದರೆ ಬರಲಿಲ್ಲ. ತುಂಡು ತುಂಡಾಗಿ ತೆಗೆಯಬೇಕಾಯಿತು. ಓದಿದೆ. ಯೋಬನ ಅಣ್ಣತಮ್ಮಂದಿರು, ಅಕ್ಕತಂಗಿಯರು ಅವನ ಮನೆಗೆ ಬಂದು, ಅವನ ಜೊತೆ ಉಂಡು, ಅವನ ದುಃಖಕ್ಕೆ ಸಮಾಧಾನ ಹೇಳಿದ್ದನ್ನು ಓದಿದೆ. ಆಮೇಲೆ ದನಕರುಗಳ ಲೆಕ್ಕ ಬಂತು. ಕುರಿ ಮೊದಲಿನದರ ಎರಡರಷ್ಟು. ಒಂಟೆ ಎರಡರಷ್ಟು. ಎತ್ತು, ಕತ್ತೆ ಎಲ್ಲ ಎರಡರಷ್ಟು. ಕಸುಬಿನ ಚಟ, ಒಂದೊಂದನ್ನೂ ಮೊದಲ ಪುಟಕ್ಕೆ ತಾಳೆ ನೋಡಿಕೊಂಡೇ ಓದುತ್ತಿದ್ದೆ. ಮಕ್ಕಳ ಲೆಕ್ಕಕ್ಕೆ ಬಂದವನು ತಡೆದೆ.

"ಯಾಕೆ ನಿಂತೆ?"

"ಮಕ್ಳು ಎರಡರಷ್ಟು ಇಲ್ಲ, ಟೀಚರಮ್ಮ. ಏಳು ಗಂಡು, ಮೂರು ಹೆಣ್ಣು. ಮೊದಲಿದ್ದಷ್ಟೇ."

"ಸರೀಗೆ ನೋಡು."

"ನೋಡಿದೆ. ದನಕರು ಎಲ್ಲಾ ಎರಡರಷ್ಟು. ಮಕ್ಳು ಮಾತ್ರ ಅಷ್ಟೇ."

ಅವರ ಕೈ ಹಾಳೆಯ ಮೇಲೆ ಬಂತು. ಸೂಜಿ ಚುಚ್ಚಿದ ತೂತುಗಳನ್ನು ಬೆರಳಲ್ಲಿ ತಡವುತ್ತ ಕೂತರು. ಒಳಗೆ ಏನೋ ಕೂಡಿಸಿ ಕಳೆಯುತ್ತಿದ್ದರು.

"ಕುರಿ ಸತ್ರೆ ಸತ್ವು. ಅದಕ್ಕೇ ಹೊಸಾವು ಎರಡರಷ್ಟು ಕೊಡಬೇಕಾತು," ಎಂದರು ಕಡೆಗೆ. "ಮಕ್ಳು ಅಷ್ಟೇ ಕೊಟ್ಟಾನೆ ಅಂದ್ರೆ, ಮೊದಲಿನವನ್ನ ಲೆಕ್ಕದಿಂದ ತೆಗೆದಿಲ್ಲ. ಅವೂ ಅದಾವೆ, ಇವೂ ಅದಾವೆ. ಕೂಡಿಸಿದ್ರೆ ಎರಡರಷ್ಟೇ ಆತಲ್ಲ. ಆತ ಬದಲಿ ಕೊಟ್ಟಿಲ್ಲ, ತಮ್ಮಾ."

ಅವರು ಅತ್ತರು. ಪೊರೆ ಬಂದ ಕಣ್ಣಿನಲ್ಲೂ ನೀರಿಗೇನೂ ಬರವಿಲ್ಲವೆಂದು ಆವತ್ತು ನೋಡಿದೆ. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇಕೆ?

"ಉಳಿದವನ್ನೂ ಬಿಚ್ಚಲೇ?" ಎಂದು ಕೇಳಿದೆ.

"ಬ್ಯಾಡ. ನೆರೆಗೂ ಆ ಬೆಟ್ಟಕ್ಕೂ ಆತನೇ ಬಂದು ಜವಾಬು ಹೇಳಲಿ. ಪ್ರೀತಿ ಪೂರ್ತಿ ಐತೋ ಇಲ್ವೋ, ನಂಗಿನ್ನೂ ತಿಳಿದಿಲ್ಲ. ನನ್ನ ಲಿಲ್ಲೀನ ಬಿಟ್ಟು ಎಣಿಸಿಲ್ಲ, ಇದೊಂದು ತಿಳೀತು."

ಮರುದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ಸಿಸ್ಟರೊಬ್ಬರು ಕಣ್ಣಿಗೆ ಹನಿ ಬಿಡುತ್ತ, ಮಾತಿಗೆ ಮಾತು ಅಂತ, "ಎಷ್ಟು ಮಕ್ಳಜ್ಜಿ ನಿಮಗೆ?" ಎಂದರು. "ಇಬ್ರು. ದೊಡ್ಡೋಳು ಮಗಳು," ಎಂದರು ಟೀಚರಮ್ಮ. ಪಕ್ಕದಲ್ಲಿ ನಿಂತಿದ್ದ ಸ್ಯಾಮುವೆಲ್ ಅಮ್ಮನನ್ನು ನೋಡಿದ. ಅಮ್ಮನ ಸೆರಗು ಸರಿಮಾಡಿ ಕೈ ಹಿಡಿದುಕೊಂಡ.

ನನ್ನ ಸಂಶೋಧನೆಯ ಜಂಬವನ್ನೂ ಹೇಳಿಬಿಡುತ್ತೇನೆ. ಪಾಸ್ಟರು ಮತ್ತೆ ಬಂದಾಗ ಅವರನ್ನು ತಡೆದು ನಿಲ್ಲಿಸಿ, ಬೈಬಲ್ಲಿನಲ್ಲಿ ಯಾರಿಗೂ ಕಾಣದ್ದು ಪಶು ಇಲಾಖೆಗೆ ಕಂಡಿದೆ ಎಂಬಂತೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಇದು ಹಳೇ ಕಾಲದ ಬೋಧಕರು ಹೇಳಿದ್ದೇ, ಸಾರ್. ನಾನೂ ಓದಿದ್ದೆ. ಅವತ್ತು ಅಮ್ಮನ ಮುಂದೆ ನೆನಪಿಗೇ ಬರಲಿಲ್ಲ," ಎಂದು ತಲೆ ಕೆರೆದುಕೊಂಡರು. ಇಬ್ಬರೂ ನಕ್ಕೆವು.

ಟೀಚರಮ್ಮ ತೀರಿಹೋಗಿ ಎರಡು ಮಳೆಗಾಲ ಕಳೆದಿವೆ. ಬೈಬಲ್ ಸ್ಯಾಮುವೆಲ್ ಹತ್ತಿರ ಇದೆ, ಉಳಿದ ಹೊಲಿಗೆಗಳ ಸಮೇತ. ನನಗೆ ಚನ್ನಗಿರಿಗೆ ವರ್ಗವಾಯಿತು. ಸಂಜೆಗಳು ಮತ್ತೆ ಮೊದಲಿನಂತಾದವು. ಓದಿಸಿಕೊಳ್ಳುವವರಿಲ್ಲದೆ ನನ್ನ ದನಿ ನನಗೇ ಅಪರೂಪವಾಗಿದೆ. ಅವರು ಲಿಲ್ಲಿಯನ್ನು ಲೆಕ್ಕಕ್ಕೆ ತಂದುಕೊಂಡರು. ನಾನು ಮಾತ್ರ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವುದನ್ನು ಬಿಟ್ಟಿರಲಿಲ್ಲ.

ಇವತ್ತು ಸಂತೇಬೆನ್ನೂರಿನ ಹತ್ತಿರ ಕುರಿಗಳಿಗೆ ಲಸಿಕೆ ಹಾಕುವುದಿತ್ತು. ಕಾಲಂಚಿನ ದಾರ ಹಾಗೇ ಇತ್ತು. ಕೊನೆಯ ಹಟ್ಟಿ ಒಬ್ಬರೇ ಇದ್ದ ಅಜ್ಜಿಯೊಬ್ಬರದು. ಕುರಿಗಳನ್ನು ಒಂದೊಂದಾಗಿ ಹಿಡಿದುಕೊಟ್ಟರು. ಕೆಲಸ ಮುಗಿದ ಮೇಲೆ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟು ಎದುರಿಗೆ ಕೂತರು.

"ಯಾವೂರ್ರೀ ಡಾಕ್ಟ್ರೇ?"

"ಜಗಳೂರು ಕಡೆ."

"ಮನೇಲಿ ಎಷ್ಟು ಮಂದಿ ಅದೀರಿ?"

ಕಣ್ಣು ಮುಚ್ಚಿಕೊಳ್ಳಲು ಅದು ಬಸ್ಸಲ್ಲ. ದಾರ ಬೆರಳಿಗೆ ಸಿಕ್ಕಿತು.

"ಇಬ್ರು, ಅಜ್ಜಿ. ನಾನು, ಗಿರಿಜ."

"ಹೆಂಡ್ತಿನೂ ಕೆಲಸಕ್ಕೆ ಹೋಗ್ತಾಳೇನು?"

"ಇಲ್ಲ. ತೀರಿಕೊಂಡು ಬಹಳ ವರ್ಷ ಆತು."

ನನಗೆ ತಲೆ ಕೆಟ್ಟಿದೆ ಅಂದುಕೊಂಡಾರೇನೋ ಎಂದು ಮಜ್ಜಿಗೆಯತ್ತ ನೋಡಿದೆ. ಅಜ್ಜಿ ಕುರಿಗಳ ಕಡೆ ನೋಡಿದರು, ಹಟ್ಟಿಯ ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಹಂಗೂ ಎಣಿಸಬೌದೇನ್ರೀ?"

"ಎಣಿಸಬೌದು, ಅಜ್ಜಿ."

ಅವರು ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಯಾರ ಯಾರದೋ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತ, ಒಂದೊಂದಾಗಿ ಮಡಿಸಿದರು.

"ಹಂಗಾರೆ ನಾವು ನಾಕು ಮಂದಿ," ಎಂದರು.