ಮೊದಲ ಕೈ

ಚಿಕ್ಕಗಂಗಮ್ಮನ ಕೈಗುಣ ಸರಿಯಿಲ್ಲ ಎಂದು ಊರಿಗೆ ಊರೇ ಒಪ್ಪಿಕೊಂಡಿತ್ತು. ಒಪ್ಪದೆ ಉಳಿದವಳು ಅವಳೊಬ್ಬಳೇ. ಗುಬ್ಬಿಯಾಚೆ, ನಾಲೆ ಪಕ್ಕದ ತೆಂಗಿನ ತೋಟದಲ್ಲಿ ಅರ್ಧ ಅವಳದು, ಇನ್ನರ್ಧ ಗಂಡನ ಅಣ್ಣ, ಬಾವ ಪುಟ್ಟರಂಗಯ್ಯನದು. ಮರಗಳನ್ನು ಯಾವತ್ತೂ ಭಾಗ ಮಾಡಿರಲಿಲ್ಲ, ಕಾಯಿಯನ್ನಷ್ಟೇ ಹಂಚಿಕೊಳ್ಳುತ್ತಿದ್ದರು. ಗಂಡ ಯಲ್ಲಯ್ಯ ತೀರಿಕೊಂಡ ಮೇಲೆ ಕೊಯ್ಲಿಗೆ ಅವಳೇ ನಿಲ್ಲುತ್ತಿದ್ದಳು. ಯಾವ ಕೊಯ್ಲಿನಲ್ಲೂ ಅವಳ ಪಾಲು ಬಾವನ ಪಾಲಿಗೆ ಸರಿಸಮ ಬಂದದ್ದಿಲ್ಲ.

ಆ ಮನೆಯಲ್ಲಿ ಕಾಯಿ ಎಣಿಸುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಅಣ್ಣತಮ್ಮಂದಿರು ಎಣಿಸತೊಡಗಿದರೆ ನಂಬಿಕೆ ಹೋಯಿತೆಂದೇ ಅರ್ಥ ಎಂದು ಮಾವ ಹೇಳಿಹೋಗಿದ್ದನಂತೆ. ಹಾಗಾಗಿ ಕಾಯಿ ಬಿದ್ದಲ್ಲೇ ಒಟ್ಟಿ, ಬದುವಿನುದ್ದಕ್ಕೂ ಗುಡ್ಡೆ ಹಾಕಿಸುತ್ತಿದ್ದರು. ಒಂದು ದೊಡ್ಡದು, ಒಂದು ಸಣ್ಣದು, ಹೇಗೆ ಬಂದರೆ ಹಾಗೆ. ಇಬ್ಬರಿಗೂ ಹಂಚಬೇಕಲ್ಲ, ಗುಡ್ಡೆಗಳು ಮಾತ್ರ ಜೋಡಿ ಲೆಕ್ಕದಲ್ಲಿರಬೇಕು. ಒಬ್ಬರಾದ ಮೇಲೊಬ್ಬರು ಸಾಲಿನ ಎರಡು ತುದಿಗಳಲ್ಲಿ ಒಂದರಿಂದ ಎತ್ತಬೇಕು, ನಡುವಿನದಕ್ಕೆ ಕೈ ಹಾಕುವ ಹಾಗಿಲ್ಲ. ಮೊದಲು ಎತ್ತುವುದಕ್ಕೆ ‘ಮೊದಲ ಕೈ’ ಎನ್ನುತ್ತಿದ್ದರು. ಅದು ಹಿರಿಯನದು.

ಪುಟ್ಟರಂಗಯ್ಯ ಎಷ್ಟೋ ಸಲ ತುದಿಯ ಸಣ್ಣ ಗುಡ್ಡೆಯನ್ನೇ ಮೊದಲು ಎತ್ತುತ್ತಿದ್ದ. ನೋಡಿದವರು ದೇವರಂಥ ಮನುಷ್ಯ ಎಂದು ತಲೆದೂಗುತ್ತಿದ್ದರು. ಕೊನೆಗೆ ದೇವರಂಥ ಮನುಷ್ಯನ ಟ್ರ್ಯಾಕ್ಟರು ಬಿರಿಯುವ ಹಾಗೆ ತುಂಬಿ ಹೋಗುತ್ತಿತ್ತು, ಗಂಗಮ್ಮನ ಆಟೋ ಅರ್ಧಂಬರ್ಧ. ಅವಳ ಕೈಗುಣವೇ ಅಷ್ಟು ಎಂದು ಜನ ಷರಾ ಬರೆದುಬಿಟ್ಟರು.

ಕಳೆದ ಸಲದ ಕೊಯ್ಲಿನಲ್ಲಿ ಕಾಲು ಉಳುಕಿ ಅವಳು ಬದುವಿನ ಮೇಲೆ ಕೂತೇ ಇದ್ದಳು. ಹಂಚಿಕೆ ಮುಗಿದ ಮೇಲೆ ಬಾವ ಬಂದು ಮೆಲ್ಲಗೆ ಮಾತು ತೆಗೆದ. ತೋಟ ಅವಳ ಕೈಗೆ ಹತ್ತುತ್ತಿಲ್ಲವಂತೆ. ಅವಳ ಅರ್ಧವನ್ನೂ ಅವನಿಗೇ ಬಿಟ್ಟು ತುಮಕೂರಿಗೆ ಹೋಗಿ, ಸದಾಶಿವನಗರದಲ್ಲಿರುವ ಮಗಳು ಮಾನಸಳ ಮನೆಯಲ್ಲಿ ನೆಮ್ಮದಿಯಾಗಿರಬೇಕಂತೆ. ಮುಂದಿನ ಕೊಯ್ಲಿನ ದಿನ ನಾಲ್ಕು ಜನರೆದುರು ತೀರ್ಮಾನವಾಗಲಿ ಎಂದ. ಗಂಗಮ್ಮನಿಗೆ ಮೈಯೆಲ್ಲ ಉರಿಯಿತು. ನಾಲೆಯಂಚಿನ ಮರಗಳಿಗೆ, ಅವು ಇನ್ನೂ ಸಸಿಗಳಾಗಿದ್ದಾಗ, ಕೊಡದಲ್ಲಿ ನೀರು ಹೊತ್ತವಳು ಅವಳು. ಅವನ್ನು ಬಿಡುವುದೆಂದರೆ ಅವಳಿಗೆ ಜೀವ ಬಿಟ್ಟಂತೆಯೇ.

ಆದರೆ ಕೂತಲ್ಲಿಂದ ಅವಳು ಇನ್ನೊಂದು ನೋಡಿದ್ದಳು. ಎತ್ತುವ ಮೊದಲು ಬಾವ ಸಾಲಿನುದ್ದಕ್ಕೂ ಒಮ್ಮೆ ಅಡ್ಡಾಡಿದ್ದ. ಹೋಗುವಾಗ ಒಂದು ಬಿಟ್ಟು ಒಂದು ಗುಡ್ಡೆಯ ಮುಂದೆ ನಿಂತ. ಬರುವಾಗ, ಬಿಟ್ಟವುಗಳ ಮುಂದೆ ನಿಂತ.

ಮನೆಗೆ ಬಂದವಳೇ ಅಡಿಗೆಮನೆಯಲ್ಲಿ ಹುಣಿಸೆಬೀಜದ ಗುಡ್ಡೆಗಳನ್ನು ಸಾಲಾಗಿ ಇಟ್ಟು, ಬಾವನ ಆಟವನ್ನೂ ತನ್ನ ಆಟವನ್ನೂ ತಾನೇ ಆಡಿದಳು. ಏನೂ ಹೊಳೆಯಲಿಲ್ಲ. ಎಲೆಗೆ ಹಚ್ಚುವ ಸುಣ್ಣ ತಂದು ಒಂದು ಬಿಟ್ಟು ಒಂದು ಗುಡ್ಡೆಯ ಪಕ್ಕ ಬೊಟ್ಟಿಟ್ಟಳು. ಆಗ ಕಣ್ಣಿಗೆ ಬಿತ್ತು. ಜೋಡಿ ಸಾಲಿನಲ್ಲಿ ಬೊಟ್ಟಿನದು ಒಂದು ತುದಿಗೆ, ಬೊಟ್ಟಿಲ್ಲದ್ದು ಇನ್ನೊಂದು ತುದಿಗೆ. ಮೊದಲ ಕೈಯವನು ಬೊಟ್ಟಿನದನ್ನು ಎತ್ತಿದರೆ ಎರಡು ತುದಿಯಲ್ಲೂ ಬೊಟ್ಟಿಲ್ಲದವೇ ಉಳಿಯುತ್ತವೆ. ಎರಡನೆಯವಳು ಯಾವುದನ್ನು ಎತ್ತಿದರೂ ಅದರ ಹಿಂದಿನ ಬೊಟ್ಟಿನ ಗುಡ್ಡೆ ಅವನಿಗೆ ತೆರೆದುಕೊಳ್ಳುತ್ತದೆ. ಬೊಟ್ಟಿನವಷ್ಟೂ ಬೇಕೋ, ಬೊಟ್ಟಿಲ್ಲದವಷ್ಟೂ ಬೇಕೋ, ಆಯ್ಕೆ ಅವನದೇ. ಯಾವುದು ಹೆಚ್ಚೆಂದು ಅಳೆಯುವುದಕ್ಕೇ ಆ ಅಡ್ಡಾಟ. ಸಣ್ಣ ಗುಡ್ಡೆ ಎತ್ತುವ ದೊಡ್ಡಸ್ತಿಕೆಯ ಗುಟ್ಟು ಇಷ್ಟೇ. ಇಷ್ಟು ವರ್ಷ ತನ್ನ ಕೈಯನ್ನು ತಾನೇ ಶಪಿಸಿಕೊಂಡದ್ದು ನೆನೆದು ಗಂಗಮ್ಮ ಅತ್ತಳು. ಅತ್ತು ಮುಗಿದ ಮೇಲೆ ಹಲ್ಲು ಕಚ್ಚಿದಳು.

ಕೊಯ್ಲಿನ ದಿನ ಬಂತು. ಬದುವಿನ ಮೇಲೆ ಆರು ಗುಡ್ಡೆ. ತೀರ್ಮಾನಕ್ಕೆಂದು ಊರ ಹಿರಿಯ ಸಿದ್ದಯ್ಯನೂ ಬಂದು ನಿಂತಿದ್ದ.

“ಬಾವ, ಇವತ್ತು ಮೊದ್ಲ ಕೈ ನಂಗ್ ಬುಡಿ,” ಎಂದಳು ಗಂಗಮ್ಮ.

ಪುಟ್ಟರಂಗಯ್ಯ ನಕ್ಕು, ಅದು ಪದ್ಧತಿಯಲ್ಲ ಎಂದ.

“ನನ್ ಕೈಗುಣ ಕೆಟ್ಟದ್ದು ಅಂತ ನೀವೇ ಹೇಳ್ಕೊಂಡ್ ಬಂದಿದ್ದೀರಿ. ಕೆಟ್ಟ ಕೈ ಮೊದ್ಲು ಮುಟ್ಟುದ್ರೆ ನಿಮ್ಗೇ ಲಾಭ ತಾನೇ. ಯಾಕ್ ಬ್ಯಾಡ ಅಂತೀರಾ?”

ಯಾಕೆ ಬೇಡವೆಂದು ಹೇಳಿದರೆ ಅವನ ಗುಟ್ಟೇ ಹೊರಬೀಳುತ್ತಿತ್ತು. ಹೆಣ್ಣುಮಗಳು ಕೇಳುತ್ತಿದ್ದಾಳೆ, ಒಂದು ಸಲ ಬಿಟ್ಟುಕೊಡಪ್ಪ ಎಂದ ಸಿದ್ದಯ್ಯ.

ಗಂಗಮ್ಮ ಸೆರಗು ಸಿಕ್ಕಿಸಿ ಸಾಲಿನುದ್ದಕ್ಕೂ ಅಡ್ಡಾಡಿದಳು. ಹೋಗುವಾಗ ಒಂದು ಬಿಟ್ಟು ಒಂದರ ಮುಂದೆ ನಿಂತಳು, ಬರುವಾಗ ಬಿಟ್ಟವುಗಳ ಮುಂದೆ ನಿಂತಳು. ಪುಟ್ಟರಂಗಯ್ಯನ ಮುಖ ಅಲ್ಲೇ ಇಳಿಯಿತು. ಅವಳು ರಸ್ತೆ ತುದಿಯ ಅತಿ ಸಣ್ಣ ಗುಡ್ಡೆಯನ್ನು ಮುಟ್ಟಿದಳು. ಪಾಪ, ಏನೂ ತಿಳಿಯದವಳು ಎಂದು ಯಾರೋ ಲೊಚಗುಟ್ಟಿದರು.

ಅವನು ನಾಲೆ ತುದಿಯದನ್ನು ಎತ್ತಿದ. ಅದರ ಹಿಂದಿದ್ದ ದೊಡ್ಡದು ಅವಳಿಗಾಯಿತು. ಅವನು ಮತ್ತೆ ಅತ್ತಲಿಂದಲೇ ಎತ್ತಿದ, ಅದಕ್ಕಿಂತ ದೊಡ್ಡದು ಅವಳಿಗಾಯಿತು. ಉಳಿದದ್ದು ಅವನ ಪಾಲಿಗೆ ಬಂತು. ಆಟೋ ಸಾಲದೆ ಗಂಗಮ್ಮ ಇನ್ನೊಂದು ಗಾಡಿಗೆ ಹೇಳಿಕಳಿಸಿದಳು.

“ಮುಂದ್ಲ ಸಲದಿಂದ ಕಾಯಿ ಎಣಿಸ್ಕೊಂಡೇ ಹಂಚ್ಕೊಳ್ಳನ ಬುಡು,” ಎಂದ ಪುಟ್ಟರಂಗಯ್ಯ.

“ಎಣಿಸೋದ್ಯಾಕೆ ಬಾವ, ನಂಬ್ಕೆ ಹೋಯ್ತಾ?” ಎಂದಳು ಗಂಗಮ್ಮ. “ನಾನ್ ತೋಟ ಬುಟ್ಟು ಎಲ್ಗೂ ಹೋಗಲ್ಲ. ಇಷ್ಟ್ ವರ್ಷ ನೀವ್ ಎತ್ಕೊಂಡಿದ್ದು ಸರಿಹೋಗೋಗಂಟ ಮೊದ್ಲ ಕೈ ನಂದೇ.”