ದೂರದ ಬಣ್ಣ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಭಾರತೀಯ ಶಾಲೆಯೊಂದರಲ್ಲಿ ನಾನು ಆಗ ಚಿತ್ರಕಲೆ ಕಲಿಸುತ್ತಿದ್ದೆ. ಆವತ್ತು ಎಂಟನೇ ತರಗತಿಗೆ, ಇಡೀ ಜಗತ್ತಿಗೇ ಗೊತ್ತಿರುವ ಆ ಮುಗುಳ್ನಗೆಯ ಹೆಂಗಸಿನ ಚಿತ್ರವನ್ನು ತೋರಿಸಿದ್ದೆ. ಅವಳು ನಗುವುದೇಕೆ ಎಂಬ ಹರಟೆ ನನಗೆ ಆಗುವುದಿಲ್ಲ. ರೇಖೆ, ಆಕಾರ, ಬಣ್ಣ, ದೂರ-ಹತ್ತಿರ, ಇಷ್ಟನ್ನೇ ನೋಡಿ ಎಂದು ಮೊದಲೇ ಗದರಿಸಿದ್ದೆ.

"ಹಿಂದಿನ ಬೆಟ್ಟಗಳು ದೂರ ಇವೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಮಸುಕಾಗಿವೆ, ನೀಲಿಯಾಗಿವೆ ಎಂಬ ಉತ್ತರ ನನಗೆ ಬೇಕಿತ್ತು.

ಮುಂದಿನ ಬೆಂಚಿನ ಹುಡುಗಿ ಎದ್ದಳು. ಉಳ್ಳಾಲದ ಕಡೆಯ ಬ್ಯಾರಿ ಮನೆಯವಳು, ಹುಟ್ಟಿ ಬೆಳೆದದ್ದು ಇಲ್ಲೇ.

"ಮಸುಕು ಸರಿ ಮೇಡಂ. ಆದ್ರೆ ಬ್ಲೂ ಯಾಕೆ? ದೂರ ಇದ್ದದ್ದು ಬ್ರೌನ್ ಅಲ್ವಾ?"

"ಊರಲ್ಲಿ ಘಟ್ಟ ನೋಡ್ಲೇ ಇಲ್ವಾ ನೀನು?" ಎಂದು ರೇಗಿದೆ.

"ನಾವು ಹೋಗುದು ಜುಲೈ ರಜೆಯಲ್ಲಿ ಮೇಡಂ. ಮಳೆಗೆ ಎಂತ ಸಹ ಕಾಣುದಿಲ್ಲ."

ಅವಳು ಕಿಟಕಿಯತ್ತ ಕೈ ತೋರಿಸಿದಳು. ಎರಡು ಸಾಲು ವಿಲ್ಲಾಗಳ ಆಚೆಗೆ ಎಲ್ಲವೂ ಧೂಳಿನಲ್ಲಿ ಕರಗಿಹೋಗಿತ್ತು. ಕಂದು ಬಣ್ಣವೇ, ಅನುಮಾನವಿಲ್ಲ. ಚಿತ್ರ ಬರೆದವನ ಊರಿನ ಗಾಳಿ ಬೇರೆ, ನಾಳೆ ನಮ್ಮ ಘಟ್ಟವನ್ನೇ ಬರೆದು ತರುತ್ತೇನೆ, ಆಗ ನೀಲಿ ಏನೆಂದು ತಿಳಿಯುತ್ತದೆ ಎಂದೆ.

ಸಂಜೆ ಜಲವರ್ಣ ಹರಡಿಕೊಂಡು ಕೂತೆ. ಕಾರ್ಕಳದ ನಮ್ಮ ಮನೆಯಂಗಳದಿಂದ ಕಾಣುವ ಘಟ್ಟದ ಸಾಲು ನನಗೆ ಬಾಯಿಪಾಠ. ನೆನಪಿನಿಂದಲೇ ಬರೆದು ಮುಗಿಸಿ, ಒಣಗಲೆಂದು ಮೇಜಿನ ಮೇಲಿಟ್ಟೆ.

ಕೆಲಸದಿಂದ ಬಂದ ಗಂಡ ಬಗ್ಗಿ ನೋಡಿದರು.

"ಡೆಸರ್ಟ್ ಲಾಯ್ಕ ಬಂದಿದೆ ಮಾರಾಯ್ತಿ" ಎಂದರು.