ಸಾಹೇಬರ ಜೇಬಿನ ಬೀಗದ ಕೈ

ಆ ಬೀಗವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ತೊಂಬತ್ತರ ದಶಕದಲ್ಲಿ ಕಲ್ಯಾಣದುರ್ಗದ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಬೀರುವಿನಂಥ ಹೊಸ ಯಂತ್ರವೊಂದು ದಯಮಾಡಿಸಿತು. ಪರಸ್ಥಳದ ಕಾಲ್‌ಗಳೆಲ್ಲ ಅದರ ಹೊಟ್ಟೆಯೊಳಗಿಂದಲೇ ಹೋಗಬೇಕು. ಹಿಂದೂಪುರದಲ್ಲಿ ಕೂತ ಸಾಹೇಬರು ಅಲ್ಲಿಂದಲೇ ಕೀಲಿಮಣೆ ಒತ್ತಿ ಅದನ್ನು ಆಳುವರೆಂದೂ, ನಾನು ಏನನ್ನೂ ಮುಟ್ಟಕೂಡದೆಂದೂ ಅಪ್ಪಣೆಯಾಯಿತು. ಮುಟ್ಟದಂತೆ ಕೋಣೆಗೆ ಬೀಗ. ಬೀಗದ ಕೈ ಸಾಹೇಬರ ಜೇಬಿನಲ್ಲಿ, ಹಿಂದೂಪುರದಲ್ಲಿ. ಜೀವಮಾನವೆಲ್ಲ ಕಂಬ ಹತ್ತಿದ ನನಗೆ ಆ ಬಾಗಿಲಿಗೆ ಕಾವಲಿರುವ ಭಾಗ್ಯ ಉಳಿಯಿತು.

ಒಂದು ಬೆಳಿಗ್ಗೆ ಲಾರಿ ಡ್ರೈವರೊಬ್ಬನ ಹೆಂಡತಿ ಬಂದು ಆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. ಗಂಡ ಕೊಡಿಕೊಂಡವೆಂಬ ಊರಿನ ಚೆಕ್‌ಪೋಸ್ಟಿನ ಅಂಗಡಿಯಿಂದ ನಮ್ಮ ಎಕ್ಸ್‌ಚೇಂಜಿಗೆ ಫೋನ್ ಮಾಡುವವನಿದ್ದ; ಅಲ್ಲಿಂದ ಲಾರಿ ನಾಗಪುರಕ್ಕೆ.

"ನಮ್ಮತ್ತೆ ಮಗನ್ನ ನೋಡ್ಬೇಕು ಅಂತ ಜೀವ ಹಿಡ್ಕಂಡೌಳೆ ಅಣ್ಣ. ವಾಪಸ್ ಬಾ ಅಂತ ಒಂದ್ ಮಾತು ಹೇಳ್ಬುಡ್ತೀನಿ."

"ಬತ್ತದೆ ಕಣಮ್ಮ, ಕೂತ್ಕೋ."

ಅಷ್ಟರಲ್ಲಿ ಲೈನುಗಳೆಲ್ಲ ಸತ್ತವು.

ನಡೆದದ್ದಿಷ್ಟು. ಸಾಹೇಬರು ಅಲ್ಲಿಂದ ಪರೀಕ್ಷೆಗೆಂದು ಲೂಪ್ ಹಾಕಿದ್ದರು. ಹಾಗೆ ಹಾಕಿದರೆ ಹಿಂದೂಪುರದಿಂದ ಬಂದದ್ದನ್ನೆಲ್ಲ ನಮ್ಮ ಯಂತ್ರ ಹಾಗೇ ಹಿಂದಕ್ಕಟ್ಟುತ್ತದೆ. ಅವರ ಅಪ್ಪಣೆ ಬರುವುದೂ ಅದೇ ದಾರಿಯಲ್ಲಿ. ಲೂಪ್ ತೆಗೆ ಎಂಬ ಅಪ್ಪಣೆಯೂ ಬಾಗಿಲಿಂದಲೇ ವಾಪಸಾಯಿತು. ತಾವು ಕಳಿಸಿದ್ದೇ ತಮಗೆ ಬರುತ್ತಿರುವುದನ್ನು ಕಂಡು, ಲೈನು ಬಲು ಸೊಗಸಾಗಿದೆಯೆಂದು ಸಾಹೇಬರು ಸಂತೋಷಪಟ್ಟರು. ನಾನು ಪೊಲೀಸ್ ಠಾಣೆಯ ವೈರ್‌ಲೆಸ್ಸಿನಲ್ಲಿ ಬಾಯಿ ಬಡಿದುಕೊಂಡೆ.

"ಇಲ್ಲಿ ನೋಡಿದ್ರೆ ಎಲ್ಲಾ ಸರಿಗೈತೆ. ಅಂತಾ ಬಾಗುಂದಯ್ಯ!" ಎಂದು ಸಾಹೇಬರ ಉತ್ತರ ಬಂತು.

ಮತ್ತೆ ಮತ್ತೆ ಬಡಿದುಕೊಂಡ ಮೇಲೆ ಸಾಹೇಬರ ಜೀಪು ಹೊರಟು, ಮಧ್ಯಾಹ್ನ ಕಳೆದು ತಲುಪಿತು.

"ಏಮಯ್ಯ, ನೀನೇನಾದ್ರೂ ಮುಟ್ಟಿದ್ಯಾ?"

"ಬೀಗದ ಕೈ ನಿಮ್ಮ ಜೇಬಲ್ಲೈತೆ ಸಾರ್. ಗೋಡೆ ತೂರಿ ಹೋಗೋಕೆ ನಾನೇನು ದೆವ್ವಾನಾ?"

ಸಾಹೇಬರು ಬೀಗ ತೆಗೆದು ಬೆಂಚಿನ ಮೇಲಿಟ್ಟು ಒಳಹೋದರು. ಒಂದೇ ಒಂದು ಸ್ವಿಚ್ ಒತ್ತಿದ್ದಕ್ಕೆ ಊರಿಗೆ ಜೀವ ಬಂತು. ಕೊಡಿಕೊಂಡದ ಅಂಗಡಿಗೆ ಫೋನ್ ಹಚ್ಚಿದೆ.

"ಕಾದೂ ಕಾದೂ ಹೊರಟ್ಬುಟ್ಟ ಕಣಪ್ಪ," ಎಂದ ಅಂಗಡಿಯವನು.

ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

ಸಾಹೇಬರು ಹೊರಬಂದು, "ನೋಡ್ದಾ, ಯಂತ್ರದ್ದೇನೂ ತಪ್ಪಿಲ್ಲ," ಎಂದು ತೀರ್ಪು ದಯಪಾಲಿಸಿ, ಬೀಗಕ್ಕಾಗಿ ಬೆಂಚು ತಡಕಿದರು. ಬೀಗ ಅವಳ ಸೆರಗಿನ ಗಂಟಿನಲ್ಲಿತ್ತು.

"ನಮ್ಮನೇವ್ರು ಬಂದ್ಮೇಲೆ ಕೊಡ್ತೀನಿ ಸಾಮಿ. ಅಲ್ಲೀಗಂಟ ಬಾಗ್ಲು ತೆಗ್ದೇ ಇರ್ಲಿ."

ಸಾಹೇಬರು ನನ್ನ ಕಡೆ ತಿರುಗಿ ಗುಡುಗಿದರು. "ಏಯ್, ಇಸ್ಕೊಳ್ಳಯ್ಯ ಅದನ್ನ!"

"ಏನೂ ಮುಟ್ಬಾರ್ದು ಅಂತ ನಿಮ್ದೇ ಆರ್ಡರ್ ಐತಲ್ಲ ಸಾರ್," ಎಂದೆ.